ಸೀಳುವ ಕ್ಲೀವ್, ಅಂಟುವ ಕ್ಲೀವ್

ಪ್ರಶ್ನೆ: ಇಂಗ್ಲಿಷಿನ ‘ಕ್ಲೀವ್’ ಅನ್ನುವ ಕ್ರಿಯಾಪದಕ್ಕೆ ನಿಘಂಟಿನಲ್ಲಿ ‘ಸೀಳು’ ಅಂತಲೂ ಇದೆ, ‘ಅಂಟಿಕೊಳ್ಳು’ ಅಂತಲೂ ಇದೆ. ಒಂದೇ ಪದಕ್ಕೆ ಇಷ್ಟೊಂದು ಉಲ್ಟಾ ಅರ್ಥ ಹೇಗೆ ಬಂತು? ಓದುವಾಗ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಅದು ಒಂದೇ ಪದ ಅಲ್ಲ. ಹುಟ್ಟಿನಲ್ಲಿ ಬೇರೆ ಬೇರೆಯಾಗಿದ್ದ ಎರಡು ಪದಗಳು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ‘ಕ್ಲೇಓವನ್’ ಅಂತಿತ್ತು, ಅಂಟುವುದಕ್ಕೆ ‘ಕ್ಲಿವಿಯನ್’. ಆಮೇಲೆ ಬಾಯಿಂದ ಬಾಯಿಗೆ ಸವೆದು ಎರಡೂ ಒಂದೇ ರೂಪಕ್ಕೆ ಬಂದವು, ಅಷ್ಟೇ. ಸುಮ್ನೆ ಊಹಿಸಿ ಹೇಳುವ ಮಾತಲ್ಲ ಇದು, ಪಕ್ಕದ ಡಚ್ ಭಾಷೆಯಲ್ಲಿ ಇವತ್ತಿಗೂ ‘ಕ್ಲೀವನ್’ ಅಂದರೆ ಸೀಳು, ‘ಕ್ಲೇವನ್’ ಅಂದರೆ ಅಂಟು. ಅಲ್ಲಿ ಎರಡೂ ಬೆರೆಯದೆ ಉಳಿದಿವೆ.

ಬೇರುಗಳೂ ಬೇರೆ. ಸೀಳುವ ಪದ ಗ್ರೀಕಿನಲ್ಲಿ ‘ಕೆತ್ತು’ ಅನ್ನುವುದಕ್ಕಿರುವ ಪದದ ದೂರದ ನೆಂಟ. ಈಜಿಪ್ಟಿನ ಚಿತ್ರಲಿಪಿಗೆ ಹೇಳುವ ‘ಹೈರೋಗ್ಲಿಫ್’ ಇದೆಯಲ್ಲ, ಅದರ ‘ಗ್ಲಿಫ್’ ಅಲ್ಲಿಂದಲೇ ಬಂದದ್ದು. ಅಂಟುವ ಪದಕ್ಕೆ ‘ಕ್ಲೇ’, ‘ಗ್ಲೂ’ ನೆಂಟರು. ಜೇಡಿಮಣ್ಣು, ಅಂಟು, ಎರಡೂ ಮೆತ್ತಿಕೊಳ್ಳುವ ವಸ್ತುಗಳೇ ಅಲ್ವಾ.

ಈ ಬೆರಕೆ ಎಷ್ಟು ಜಾಸ್ತಿ ಅಂತ ನೋಡಬೇಕಾದರೆ 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆಯಿರಿ. ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮ ಬಲಿಗೆ ಕಟ್ಟಿಗೆ ಸೀಳುತ್ತಾನೆ, ಅಲ್ಲಿ ‘ಕ್ಲೇವ್ ದಿ ವುಡ್’ ಅಂತಿದೆ. ಅದೇ ಆದಿಕಾಂಡದ 34ನೇ ಅಧ್ಯಾಯದಲ್ಲಿ ಶೆಕೆಮನ ಮನಸ್ಸು ದೀನಳಿಗೆ ಅಂಟಿಕೊಳ್ಳುತ್ತದೆ, ಅಲ್ಲಿ ‘ಕ್ಲೇವ್ ಅಂಟು ದೀನಾ’. ಭೂತಕಾಲದ ರೂಪ ಕೂಡ ಅಚ್ಚು ಒಂದೇ! ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪದದ ಮುಂದೆ ‘ಟು’ ಅಥವಾ ಹಳೆಯ ‘ಅಂಟು’ ಬಂದರೆ ಅಂಟಿಕೊಳ್ಳುವ ಅರ್ಥ. ನೇರವಾಗಿ ಮರ, ಕಲ್ಲು, ತಲೆ ಅಂತ ಏನಾದರೂ ಬಂದರೆ ಸೀಳುವ ಅರ್ಥ. (ಆ ‘ಅಂಟು’ವಿಗೂ ನಮ್ಮ ಅಂಟಿಗೂ ಸಂಬಂಧ ಇಲ್ಲ, ಮೋಸ ಹೋಗಬೇಡಿ.)

ಮಾತಿನಲ್ಲಿ ಈಗ ಜನ ‘ಸ್ಪ್ಲಿಟ್’ ಅಂತಲೇ ಹೇಳುತ್ತಾರೆ. ಆದರೆ ಸೀಳುವ ಕ್ಲೀವ್‌ನ ಮಕ್ಕಳು ಎಲ್ಲಾ ಕಡೆ ಇದ್ದಾರೆ. ಸೀಳುತುಟಿಗೆ ‘ಕ್ಲೆಫ್ಟ್ ಲಿಪ್’, ಹಸು ಮೇಕೆಗಳ ಸೀಳುಗೊರಸಿಗೆ ‘ಕ್ಲೋವನ್ ಹೂಫ್’, ಮಾಂಸ ಕೊಚ್ಚುವ ಅಗಲ ಕತ್ತಿಗೆ ‘ಕ್ಲೀವರ್’. ನನಗೆ ತುಂಬಾ ಇಷ್ಟ ಆಗುವುದು ಖನಿಜದವರು ಬಳಸುವ ‘ಕ್ಲೀವೇಜ್’, ಅಂದರೆ ಖನಿಜ ಕೆಲವು ದಿಕ್ಕಿನಲ್ಲಿ ನುಣ್ಣಗೆ ಸೀಳುವ ಗುಣ. ಅಭ್ರಕವನ್ನು ಉಗುರಿನಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬಿಡುತ್ತದೆ, ಯಾಕಂದರೆ ಅದರ ಪದರಗಳ ನಡುವಿನ ಹಿಡಿತ ಸಡಿಲ. ವಜ್ರ ಅಷ್ಟು ಗಟ್ಟಿಯಾದರೂ ನಾಲ್ಕು ದಿಕ್ಕಿನಲ್ಲಿ ನುಣ್ಣಗೆ ಸೀಳುತ್ತದೆ. 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೀಗೇ ಸೀಳಿದರು. ಮೊದಲು ಕಲ್ಲಿಗೆ ಸಣ್ಣ ಗೀರು ಕೊರೆದು, ಅದರಲ್ಲಿ ಉಕ್ಕಿನ ಅಲಗು ಇಟ್ಟು ಹೊಡೆದರು.

ಇನ್ನು ಬೆಳ್ಳುಳ್ಳಿ ಎಸಳಿಗೆ ಇಂಗ್ಲಿಷಿನಲ್ಲಿ ‘ಕ್ಲೋವ್’ ಅನ್ನುತ್ತಾರೆ, ಅದೂ ಸೀಳುವ ಮನೆಯದೇ. ಲವಂಗಕ್ಕೂ ‘ಕ್ಲೋವ್’ ಅನ್ನುತ್ತಾರೆ, ಅದು ಮಾತ್ರ ಫ್ರೆಂಚಿನ ‘ಕ್ಲೂ’ ಅಂದರೆ ಮೊಳೆ ಅನ್ನುವುದರಿಂದ ಬಂದದ್ದು.