ಸನ್‌ಸ್ಕ್ರೀನ್ ಇರಲಿ, ಮೊದಲು ಕಾಕಾ ಅವರ ಕಾಲು ತೋರಿಸಿ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಕಡೆಯ ಕಬ್ಬು ಬೆಳೆಗಾರರೊಬ್ಬರು ಬರೆದಿದ್ದಾರೆ: "ಬೆಂಗಳೂರಲ್ಲಿ ಓದುವ ಮಗಳು ಸನ್‌ಸ್ಕ್ರೀನ್ ತಂದಿದ್ದಾಳೆ. ಹಚ್ಚಿಕೊಂಡೇ ಹೊಲಕ್ಕೆ ಹೋಗಿ, ಇಲ್ಲಾಂದ್ರೆ ಚರ್ಮದ ಕ್ಯಾನ್ಸರ್ ಬರುತ್ತೆ ಅಂತಾಳೆ. ನಮ್ಮ ಮುತ್ಯಾ ಜೀವನಪೂರ್ತಿ ಬಿಸಿಲಲ್ಲೇ ದುಡಿದರು, ಏನೂ ಆಗಲಿಲ್ಲ. ಇದು ಬಿಳಿಯರ ರೋಗ ಅಲ್ವಾ? ಸರ್ಕಾರ ಇದಕ್ಕೂ ದುಡ್ಡು ಹಾಕಬೇಕಾ? ಅಂದ ಹಾಗೆ, ನಮ್ಮ ಕಾಕಾಗೆ ಹರೆಯದಲ್ಲಿ ಬೆಲ್ಲದ ಕೊಪ್ಪರಿಗೆಯ ಕುದಿಯುವ ಕಬ್ಬಿನ ಹಾಲು ಬಿದ್ದು ಕಾಲು ಸುಟ್ಟಿತ್ತು. ಆ ಕಲೆಯಲ್ಲೇ ನಾಲ್ಕೈದು ತಿಂಗಳಿಂದ ಒಂದು ಹುಣ್ಣು. ಶುಗರ್ ಇದೆ, ಅದಕ್ಕೇ ಮಾಯುತ್ತಿಲ್ಲ ಅಂತ ಪಟ್ಟಿ ಕಟ್ಟಿಸುತ್ತಿದ್ದೇವೆ."

ಸಂಪಾದಕರ ಉತ್ತರ:

ಕೊನೆಗೆ ಸುಮ್ನೆ ಸೇರಿಸಿದ್ದೀರಲ್ಲ, ಕಾಕಾ ಅವರ ವಿಷಯ, ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ಹಳೆಯ ಸುಟ್ಟ ಕಲೆ, ಮೂಳೆ ಸೋಂಕಿನಿಂದ ವರ್ಷಗಟ್ಟಲೆ ಕೀವು ಸೋರುವ ಜಾಗ, ಕುಷ್ಠದಿಂದ ಸ್ಪರ್ಶ ಹೋದ ಪಾದದ ಹುಣ್ಣು. ಇಂಥ ಕಡೆಯಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ ಇಂಥ ಹುಣ್ಣುಗಳ ಬಗ್ಗೆ 1828ರಲ್ಲೇ ಬರೆದರು. ಡಾಕ್ಟರುಗಳು ಇವತ್ತಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಸುಟ್ಟು ಎಷ್ಟೋ ವರ್ಷ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಇದು ತಲೆ ಎತ್ತುತ್ತದೆ. ಅಷ್ಟು ಹಳೆಯ ಗಾಯ ಯಾರ ನೆನಪಿಗೆ ಬರುತ್ತದೆ? ಶುಗರ್ ಮೇಲೆ ಹಾಕಿ ಸುಮ್ಮನಾಗುತ್ತೇವೆ.

ಪತ್ರ ಓದಿ ಕ್ಯಾನ್ಸರ್ ಅಂತ ನಾನು ಹೇಳಲಾರೆ. ಶುಗರಿನ ಹುಣ್ಣೇ ಇರಬಹುದು. ಆದರೆ ಮುಂದಿನ ಸಲ ಪಟ್ಟಿ ಬಿಚ್ಚಿದಾಗ ಬೆಳಕಲ್ಲಿ ನೋಡಿ. ಅಂಚು ದಪ್ಪಗಾಗಿ ಹೊರಕ್ಕೆ ಮಗುಚಿದೆಯಾ? ಒಳಗಿನ ಮಾಂಸ ಹೂಕೋಸಿನ ಹಾಗೆ ಬೆಳೆದಿದೆಯಾ? ಸ್ವಲ್ಪ ತಾಗಿದರೂ ರಕ್ತ ಬರುತ್ತದೆಯಾ? ದಿನಾ ತೊಳೆದರೂ ವಾಸನೆ ಹೋಗುತ್ತಿಲ್ಲವಾ? ತೊಡೆಸಂದಿಯಲ್ಲಿ ಗಂಟು ಕೈಗೆ ಸಿಗುತ್ತದೆಯಾ? ಇವು ಯಾವುವೂ ಇಲ್ಲದಿದ್ದರೂ ಇಷ್ಟು ತಿಂಗಳು ಮಾಯದ ಹುಣ್ಣನ್ನು ಸರ್ಜನ್ ನೋಡಲೇಬೇಕು. ತೋರಿಸುವಾಗ ಕೊಪ್ಪರಿಗೆಯ ಕಥೆ ಮರೆಯದೇ ಹೇಳಿ. ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದೇ ಬಯಾಪ್ಸಿ. ಕಬ್ಬಿಣ ತಾಗಿದರೆ ರೋಗ ಕೆರಳುತ್ತದೆ ಅಂತ ಊರಲ್ಲಿ ಒಬ್ಬರಾದರೂ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಬೇಗ ಸಿಕ್ಕರೆ ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ತೆಗೆದು, ಬೇರೆ ಕಡೆಯ ಚರ್ಮ ತಂದು ಕೂರಿಸುತ್ತಾರೆ. ತಡವಾದರೆ ಕಾಲೇ ತೆಗೆಯಬೇಕಾಗಬಹುದು. ಖರ್ಚಿನ ಚಿಂತೆಯಾದರೆ, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಂಡೇ ಮುಂದೆ ಹೋಗಿ. ಚೀಟಿ ಇಲ್ಲದೆ ದೊಡ್ಡಾಸ್ಪತ್ರೆಗೆ ಹೋಗಿ ವಾಪಸ್ ಬರುವವರು ಜಾಸ್ತಿ.

ಇನ್ನು ಮಗಳ ಟ್ಯೂಬು. ಆಕೆ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಲೆಕ್ಕ ನೋಡಿ. ಇಡೀ ಮೈಗೆ ಸರಿಯಾಗಿ ಹಚ್ಚಲು ಒಂದು ಸಲಕ್ಕೆ ಸುಮಾರು 30 ಎಂಎಲ್ ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಇನ್ನೂ ಬೇಗ. 50 ಗ್ರಾಂ ಟ್ಯೂಬು ಬುತ್ತಿ ಬಿಚ್ಚುವ ಹೊತ್ತಿಗೆ ಖಾಲಿ! ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳನ್ನು ನೋಡಿದ್ದೀರಲ್ಲ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೂ ಕಿವಿಗೂ ಸೇರಿಸಿ ಕಟ್ಟಿದ ಬಟ್ಟೆ. ರವದಿ, ಅಂದರೆ ಕಬ್ಬಿನ ಒಣ ಗರಿ, ಮೈ ಗೀರಬಾರದು ಅಂತ ಹಾಕಿಕೊಳ್ಳುವುದು ಅದು. ಬಿಸಿಲಿಗೂ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಗಂಡಸರದ್ದೇ ತೊಂದರೆ. ಗಾಂಧಿ ಟೋಪಿ ನೆತ್ತಿ ಮುಚ್ಚುತ್ತದೆ; ಕಿವಿ, ಕುತ್ತಿಗೆ, ಮೂಗು ಬಿಸಿಲಿಗೇ ಬಿಟ್ಟದ್ದು. ರುಮಾಲಿನ ಚುಂಗು ಹಿಂದೆ ಇಳಿಬಿಡುತ್ತಿದ್ದ ನಿಮ್ಮ ಮುತ್ಯಾ ಜಾಣರು. ನೆರಳು ನಿಮಗಿಂತ ಗಿಡ್ಡ ಆದಾಗ ಅತಿನೇರಳೆ ಕಿರಣ ಜೋರಾಗಿದೆ ಅಂತ ತಿಳಿಯಿರಿ. ಕಣ್ಣಿಗೂ ಒಳ್ಳೆಯದಲ್ಲ, ಪೊರೆ ಬೇಗ ಬರುತ್ತದೆ.

ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವ ಮಕ್ಕಳಿಗೆ, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಮಾತ್ರ ಸನ್‌ಸ್ಕ್ರೀನ್ ಶೋಕಿಯಲ್ಲ, ಔಷಧಿ.

ಬಿಳಿಯರ ರೋಗವಾ? ಅರ್ಧ ನಿಜ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಅಂಗಿ ಹಾಕಿ, ಕ್ರೀಮ್ ಹಚ್ಚಿ, ಟೋಪಿ ಇಡಿ ಅಂತ 1981ರಿಂದ ಹೇಳುತ್ತಲೇ ಇದ್ದಾರೆ. ಟೋಪಿ ಇಲ್ಲದ ಮಗುವನ್ನು ಎಷ್ಟೋ ಶಾಲೆಗಳು ಆಟಕ್ಕೇ ಬಿಡುವುದಿಲ್ಲ. ನಮ್ಮ ಕಪ್ಪು ಚರ್ಮದ ಬಣ್ಣವೇ ನಮಗೆ ಬಹಳಷ್ಟು ಕಾವಲು. ಆದರೆ ಕಾವಲು ಎಲ್ಲ ಕಡೆ ಒಂದೇ ಅಲ್ಲ. ಮೆಲನೋಮ ಅನ್ನುವ ಕೆಟ್ಟ ಜಾತಿಯ ಕ್ಯಾನ್ಸರ್ ಕಪ್ಪು ಮೈಯವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಅದಕ್ಕೂ ಬಿಸಿಲಿಗೂ ಅಷ್ಟಾಗಿ ಸಂಬಂಧವಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಕಂಡದ್ದು ಅದೇ. 1981ರಲ್ಲಿ ತೀರಿಕೊಂಡಾಗ ವಯಸ್ಸು 36.

ದುಡ್ಡಿನ ಪ್ರಶ್ನೆಗೆ ಬರೋಣ. ಮೆಲನೋಮ ಬಿಟ್ಟು ಉಳಿದ ಚರ್ಮದ ಕ್ಯಾನ್ಸರ್‌ಗಳ ಸಾವಿನಲ್ಲಿ ಸುಮಾರು ಮೂರರಲ್ಲೊಂದಕ್ಕೆ ಬಿಸಿಲಿನ ದುಡಿಮೆಯೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಅಂದಾಜು ಕೊಟ್ಟವು. 2019ರ ಒಂದೇ ವರ್ಷದಲ್ಲಿ ಸುಮಾರು 19,000 ಸಾವು. ಇದು ಜಗತ್ತಿನ ಲೆಕ್ಕ. ನಮ್ಮಲ್ಲಿ ಜನರನ್ನು ಜಾಸ್ತಿ ಹಣ್ಣು ಮಾಡುತ್ತಿರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್. 30 ದಾಟಿದವರಿಗೆ ಸರ್ಕಾರ ಆ ಮೂರರ ತಪಾಸಣೆ ಇಟ್ಟಿರುವುದು ಸರಿಯೇ. ಚರ್ಮಕ್ಕೆ ಅಂತ ಬೇರೆ ಕ್ಯಾಂಪ್ ಮಾಡಿ, ಬ್ಯಾನರ್ ಕಟ್ಟಿ, ಕ್ರೀಮ್ ಹಂಚಿದರೆ ಅದು ದಂಡ.

ಹಾಗಂತ ಏನೂ ಬೇಡ ಅಂತಲ್ಲ. ಕುಷ್ಠರೋಗ ಪತ್ತೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯಾ ಅಂತ ಹೇಗೂ ನೋಡುತ್ತಾರೆ. ಆಗಲೇ ಇನ್ನೆರಡು ಪ್ರಶ್ನೆ ಕೇಳಿದರೆ ಸಾಕು: ತಿಂಗಳಾದರೂ ಮಾಯದ ಹುಣ್ಣು ಇದೆಯಾ, ಅಂಗಾಲಲ್ಲಿ ಹೊಸದಾಗಿ ಕಪ್ಪು ಕಲೆ ಬಂದಿದೆಯಾ? ಅವರಿಗೆ ಆ ಕೆಲಸಕ್ಕೆ ತಕ್ಕ ಗೌರವಧನ ಕೊಡಿ. ಸರ್ಕಾರ ದುಡ್ಡು ಹಾಕುವುದಾದರೆ ಅಲ್ಲಿ ಹಾಕಲಿ, ತಾಲೂಕು ಆಸ್ಪತ್ರೆಯಿಂದ ಬಯಾಪ್ಸಿ ಚೂರು ಲ್ಯಾಬಿಗೆ ಹೋಗಿ ಒಂದು ವಾರದಲ್ಲಿ ರಿಪೋರ್ಟ್ ಬರುವ ವ್ಯವಸ್ಥೆಗೆ ಹಾಕಲಿ.