ಆರ್‌ಎಕ್ಸ್ 100: ಪೋರ್ಟಿಂಗ್ ಆದ ಮೇಲೆ ಕ್ಲಚ್ ಜಾರಿದರೆ

ಯಮಹಾ ಆರ್‌ಎಕ್ಸ್ 100 ಬೈಕಿಗೆ ಪೋರ್ಟಿಂಗ್ (ಪವರ್ ಹೆಚ್ಚಿಸಲು ಸಿಲಿಂಡರಿನ ಒಳದಾರಿಗಳನ್ನು ಕೊರೆದು ತಿದ್ದುವುದು) ಮಾಡಿಸಿದ ಮೇಲೆ ನಾಲ್ಕನೇ ಗೇರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ ಅಂದಿರಲ್ಲ ಸರ್, ಅದು ಕ್ಲಚ್ ಜಾರುವ ಲಕ್ಷಣವೇ. ಸುಮ್ನೆ ಮೊದಲೇ ಕ್ಲಚ್ ಪ್ಲೇಟ್ ಕೊಳ್ಳಬೇಡಿ. ಕ್ಲಚ್ ಲಿವರ್ ಬುಡದಲ್ಲಿ 2-3 ಮಿ.ಮೀ. ಸಡಿಲ ಇದೆಯಾ ನೋಡಿ. ಗೇರ್‌ಬಾಕ್ಸಿಗೆ ಕಾರಿನ ಆಯಿಲ್ ಹಾಕಿದ್ದರೆ ಇಳಿಸಿಬಿಡಿ. ಡಬ್ಬಿಯ ಮೇಲೆ ಜಾಸೊ ಎಂಎ (ಆಯಿಲಿನಲ್ಲೇ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಅಂತ ಇರುವುದನ್ನೇ ಹಾಕಿ.

ಆಗಲೂ ಜಾರಿದರೆ ಬಿಚ್ಚಲೇಬೇಕು. ನನ್ನ ಗಾಡಿಯಲ್ಲಿ ಸ್ಟೀಲ್ ಪ್ಲೇಟುಗಳು ಬಿಸಿಗೆ ನೀಲಿಗಟ್ಟಿದ್ದವು. ಗಾಜಿನ ಮೇಲೆ ಇಟ್ಟರೆ ಒಂದು ಟಕಟಕ ಅಲ್ಲಾಡಿತು, ಸೊಟ್ಟಗಾಗಿತ್ತು. ಜಾಸ್ತಿಯಾದ ಪವರನ್ನು ಹಳೇ ಸ್ಪ್ರಿಂಗುಗಳು ತಡೆಯುವುದಿಲ್ಲ, ಅಲ್ವಾ? ಪ್ಲೇಟಿನ ಜೊತೆ ಅವನ್ನೂ ಒಟ್ಟಿಗೇ ಬದಲಿಸಿ. ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಆಯಿಲಿನಲ್ಲಿ ನೆನೆಹಾಕಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.