ಗೊಂಬೆ ರಿಪೇರಿಗೆ ಕೂತರೆ ಕೈ ನಡುಗುತ್ತಿತ್ತು: ಒಂದು ಆಪ್ತಸಲಹೆ ಪ್ರಕರಣ

(ಬಂದವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಬಂದವರು ಮೂವತ್ತು ದಾಟಿದ ಮಹಿಳೆ. ಕಚೇರಿ ಕೆಲಸದಲ್ಲಿ ಚುರುಕು. ಊಟ, ನಿದ್ದೆ ಸರಿಯಾಗಿತ್ತು. ಮನೆಯಲ್ಲೂ ಹೇಳಿಕೊಳ್ಳುವಂಥ ತಾಪತ್ರಯ ಇರಲಿಲ್ಲ. "ಇಷ್ಟು ಸಣ್ಣ ವಿಷಯಕ್ಕೆ ಬರಬಹುದಾ ಅಂತ ತುಂಬ ಯೋಚನೆ ಮಾಡಿದೆ ಮೇಡಂ" ಎಂದರು. ವಿಷಯ ಏನೆಂದರೆ ಒಂದು ಗೊಂಬೆ. ಅದನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ವರ್ಷದ ಮೇಲಾಗಿತ್ತು. ಜೋಡಿಸೋಣ ಎಂದು ಕೂತಾಗಲೆಲ್ಲ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಎದ್ದುಬಿಡುತ್ತಾರೆ.

ನನ್ನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಒಬ್ಬರು ತಮಗೆ ಇಷ್ಟವಾದ ಕೆಲಸವನ್ನೇ ಹೆದರಿ ಬಿಟ್ಟುಬಿಡುತ್ತಿದ್ದಾರೆ ಎಂದರೆ ಕೂತು ಮಾತಾಡಬೇಕಾದ ವಿಷಯವೇ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಬಾಲ್ ಜಾಯಿಂಟೆಡ್ ಡಾಲ್, ಹವ್ಯಾಸಿಗಳ ಬಾಯಲ್ಲಿ ಬಿಜೆಡಿ, ಮಕ್ಕಳ ಆಟದ ಸಾಮಾನಲ್ಲ. ಪಾಲಿಯುರೆಥೇನ್ ರೆಸಿನ್‌ನಲ್ಲಿ ಎರಕ ಹೊಯ್ದ ಬಿಡಿಭಾಗಗಳು. ಮೊಣಕೈ, ಮಂಡಿ, ಸೊಂಟ ಎಲ್ಲ ಕಡೆ ಗುಂಡು ಕೀಲು. ಒಳಗೆಲ್ಲ ಟೊಳ್ಳು, ಆ ಟೊಳ್ಳಿನಲ್ಲಿ ಬಿಗಿಯಾಗಿ ಎಳೆದ ಎಲಾಸ್ಟಿಕ್. ಗೊಂಬೆ ನಿಲ್ಲುವುದು ಆ ಬಿಗಿಯ ಮೇಲೆಯೇ. ಜಪಾನಿನ ವೋಲ್ಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಹರಡಿತು. ದೊಡ್ಡ ಅಳತೆಯವು ಸುಮಾರು 60 ಸೆಂಟಿಮೀಟರ್ ಎತ್ತರ ಇರುತ್ತವೆ. ಕಣ್ಣು, ಕೂದಲು, ಕೈ, ತಲೆ ಎಲ್ಲವನ್ನೂ ಬಿಚ್ಚಿ ಬೇರೆ ಹಾಕಬಹುದು. ಮುಖದ ಬಣ್ಣವನ್ನೇ ಒರೆಸಿ ಹೊಸದಾಗಿ ಬರೆಯಬಹುದು. ಈ ಮುಖದ ಬಣ್ಣಕ್ಕೆ ಫೇಸ್‌ಅಪ್ ಎನ್ನುತ್ತಾರೆ. ಬಿಚ್ಚಿ ಬದಲಿಸಲೆಂದೇ ಮಾಡಿದ ಗೊಂಬೆ ಇದು. ಆದರೆ ಬೆಲೆ ಜಾಸ್ತಿ. ಅದಕ್ಕೇ ಕೈ ಹಚ್ಚಲು ಅಳುಕು.

ಇವರು ಕೊಂಡದ್ದು ಇನ್ನೊಬ್ಬರ ಕೈ ದಾಟಿ ಬಂದ ಗೊಂಬೆ. ಎಲಾಸ್ಟಿಕ್ ಹಳತಾಗಿ ಜೋತುಬಿದ್ದಿತ್ತು. ನಿಲ್ಲಿಸಿದರೆ ಮಂಡಿ ಮಡಚಿಕೊಳ್ಳುತ್ತಿತ್ತು, ತಲೆ ಒಂದು ಕಡೆ ವಾಲುತ್ತಿತ್ತು. ಬಿಗಿ ಮಾಡೋಣ ಎಂದು ತಲೆಯೊಳಗೆ ಎಲಾಸ್ಟಿಕ್ ಸಿಕ್ಕಿಸುವ ಎಸ್ ಆಕಾರದ ಹುಕ್ ಎಳೆದು ಹಿಡಿದಿದ್ದಾಗ ಬೆರಳು ಜಾರಿತು. ಹುಕ್ ಸರ್ರನೆ ಕತ್ತಿನೊಳಗೆ ಹೋಯಿತು, ಗೊಂಬೆ ಮೇಜಿನಿಂದ ಬಿತ್ತು, ಒಂದು ಬೆರಳಿನ ತುದಿ ಮುರಿಯಿತು. ತುಂಡನ್ನು ಪುಟ್ಟ ಕವರಿಗೆ ಹಾಕಿಟ್ಟರು. ಮಿಕ್ಕದ್ದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆ ಮುಚ್ಚಿದರು. "ನಾನು ಮುಟ್ಟಿದ್ದೆಲ್ಲ ಹಾಳಾಗುತ್ತೆ" ಎನ್ನುವ ಮಾತು ಆ ದಿನದಿಂದ ತಲೆಯಲ್ಲಿ ಕೂತಿತು.

ಈ ಮಾತು ಮೊದಲು ಯಾರು ಹೇಳಿದ್ದು, ಚಿಕ್ಕಂದಿನಲ್ಲಿ ಏನಾಗಿತ್ತು ಎಂದು ಬೇರು ಹುಡುಕುತ್ತಾ ಹೋಗಬಹುದಿತ್ತು. ನಾನು ಅದಕ್ಕೆ ಜಾಸ್ತಿ ಸಮಯ ಕೊಡಲಿಲ್ಲ. ಭಯ ಒಂದೇ ಕೆಲಸಕ್ಕೆ ಅಂಟಿಕೊಂಡಿರುವಾಗ ಆ ಕೆಲಸದ ಹತ್ತಿರವೇ ಹೋಗುವುದು ಒಳ್ಳೆಯದು. ಬದಲಿಗೆ, ಈ ಒಂದು ವರ್ಷ ಏನು ಮಾಡಿದಿರಿ ಎಂದು ಕೇಳಿದೆ. ಉತ್ತರ ಅಲ್ಲೇ ಇತ್ತು. ಹೊಸ ಎಲಾಸ್ಟಿಕ್ ತಂದಿದ್ದಾರೆ, ಎರಡು ದಪ್ಪದ್ದು. ಫೋರ್ಸೆಪ್ಸ್ ತಂದಿದ್ದಾರೆ. ಸಣ್ಣ ಕುಂಚಗಳು, ಪೇಸ್ಟಲ್, ವಾಟರ್‌ಕಲರ್ ಪೆನ್ಸಿಲ್, ಬಣ್ಣ ಅಳಿಯದಂತೆ ಸಿಂಪಡಿಸುವ ಸ್ಪ್ರೇ ಸೀಲೆಂಟ್ ಎಲ್ಲ ಇವೆ. ರಾತ್ರಿ ಮಲಗುವ ಮುಂಚೆ ರಿಪೇರಿ ವಿಡಿಯೊಗಳನ್ನು ನೋಡುತ್ತಾರೆ. ಗಂಟೆಗಟ್ಟಲೆ. ಮುಟ್ಟುವುದೊಂದು ಬಿಟ್ಟು ಮಿಕ್ಕದ್ದೆಲ್ಲ ಆಗಿದೆ.

ಇದನ್ನು ಅವರು ತಯಾರಿ ಎಂದುಕೊಂಡಿದ್ದರು. ನನಗೆ ಹಾಗೆ ಕಾಣಲಿಲ್ಲ. "ಇನ್ನೊಂದು ವಿಡಿಯೊ ನೋಡಿಬಿಡ್ತೀನಿ" ಅಂದ ಕೂಡಲೇ ಆವತ್ತಿನ ಮಟ್ಟಿಗೆ ಗೊಂಬೆ ಮುಟ್ಟುವುದು ತಪ್ಪಿತು, ಮನಸ್ಸು ಹಗುರವಾಯಿತು. ಆ ಹಗುರವೇ ತೊಂದರೆ. ತಪ್ಪಿಸಿಕೊಂಡಾಗಲೆಲ್ಲ ನೆಮ್ಮದಿ ಸಿಕ್ಕರೆ, ತಪ್ಪಿಸಿಕೊಳ್ಳುವುದೇ ಅಭ್ಯಾಸವಾಗುತ್ತದೆ. ಭಯಕ್ಕೆ ತಾನು ಸುಳ್ಳು ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಮೊದಲ ಸಲಹೆ ಅವರಿಗೆ ವಿಚಿತ್ರ ಅನ್ನಿಸಿತು: ವಿಡಿಯೊ ನೋಡುವುದು ನಿಲ್ಲಿಸಿ. ನಾಳೆ ಯಾವ ಹೆಜ್ಜೆಯೋ ಅದರದ್ದು ಮಾತ್ರ, ಒಂದೇ ಸಲ ನೋಡಿ. ಹೊಸ ಸಾಮಾನು ಕೊಳ್ಳುವುದೂ ಬೇಡ. ಮುಂದಿನ ಸಲ ಬರುವಾಗ ಪೆಟ್ಟಿಗೆ ತನ್ನಿ.

ತಂದರು. ಪೆಟ್ಟಿಗೆ ತೆರೆದು, ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡರು. ಹಿಂಭಾಗದ ಮುಚ್ಚಳ, ಅಂದರೆ ಹೆಡ್‌ಕ್ಯಾಪ್ ಅಯಸ್ಕಾಂತದಿಂದ ಕೂತಿರುತ್ತದೆ. ಉಗುರಿನಿಂದ ಮೀಟಿದರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಒಳಗೆ ಕಣ್ಣುಗಳನ್ನು ಮೆತ್ತಗಿನ ಪುಟ್ಟಿಯಲ್ಲಿ ಒತ್ತಿ ಕೂರಿಸಿದ್ದರು. ನನಗೆ ತೋರಿಸುತ್ತಾ ತೋರಿಸುತ್ತಾ ಅವರೇ ಒಂದು ಕಣ್ಣನ್ನು ಹೆಬ್ಬೆರಳಿನಿಂದ ಸ್ವಲ್ಪ ತಿರುಗಿಸಿ ನೋಟ ನೇರ ಮಾಡಿದರು. ಕೈ ನಡುಗಲಿಲ್ಲ. ಅದನ್ನು ನಾನು ಹೇಳಿದ ಮೇಲೇ ಅವರ ಗಮನಕ್ಕೆ ಬಂದದ್ದು. ಯಾಕೆ ನಡುಗಲಿಲ್ಲ ಎಂದು ಕೇಳಿದೆ. "ಇದು ತಪ್ಪಾದ್ರೆ ಮತ್ತೆ ತಿರುಗಿಸಬಹುದಲ್ವಾ?"

ಈ ಉತ್ತರ ಹಿಡಿದುಕೊಂಡೇ ಮುಂದೆ ಹೋದೆವು. ಅವರ ತಲೆಯಲ್ಲಿ ಗೊಂಬೆಯ ಪ್ರತಿ ಕೆಲಸವೂ ಒಂದೇ ತೂಕದ್ದಾಗಿತ್ತು. ಯಾವುದು ತಪ್ಪಿದರೂ ಗೊಂಬೆ ಹೋಯಿತು. ಒಂದು ಹಾಳೆ ಕೊಟ್ಟು, ತಪ್ಪಾದರೆ ಸರಿಮಾಡಬಹುದಾದದ್ದು ಯಾವುದು, ಆಗದೇ ಇರುವುದು ಯಾವುದು ಎಂದು ಬರೆಯಿರಿ ಅಂದೆ. ನನಗೆ ಈ ಕಸುಬು ಗೊತ್ತಿಲ್ಲ, ಹಾಗಾಗಿ ಸುಮ್ನೆ ಪ್ರಶ್ನೆ ಕೇಳುತ್ತಾ ಹೋದೆ. ಅವರಿಗೆ ಎಲ್ಲವೂ ಗೊತ್ತಿತ್ತು. ಎಲಾಸ್ಟಿಕ್ ಹಾಕುವುದು? ತಪ್ಪಾದರೆ ಬಿಚ್ಚಿ ಮತ್ತೆ ಹಾಕಬಹುದು. ತೀರಾ ಬಿಗಿಯಾದರೆ ಗೊಂಬೆ ಒದೆಯುತ್ತದೆ, ಅಂದರೆ ಕಾಲು ತಾನಾಗಿ ಚಿಮ್ಮುತ್ತದೆ. ಗಂಟು ಬಿಚ್ಚಿ ಸಡಿಲ ಮಾಡಿದರೆ ಆಯಿತು. ಮುರಿದ ಬೆರಳು? ತುಂಡು ಇದೆ, ಮುರಿದ ಅಂಚು ಒಂದಕ್ಕೊಂದು ಕೂರುತ್ತದೆ, ಸೂಪರ್ ಗ್ಲೂ ಒಂದು ಹನಿ ಸಾಕು. ಬೇಕಾದರೆ ಒಳಗೆ ಸಣ್ಣ ತಂತಿ ಕೂರಿಸಬಹುದು. ತುಂಡು ಕಳೆದಿದ್ದರೂ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿಯಿಂದ ಬೆರಳು ತಿದ್ದಬಹುದಿತ್ತು. ಹಾಗಾದರೆ ವಾಪಸ್ ಬರದೇ ಇರುವುದು ಯಾವುದು? ಸ್ವಲ್ಪ ಹೊತ್ತು ಯೋಚಿಸಿ ಎರಡೇ ಬರೆದರು. ಅಚ್ಚಿನ ಭಾಗಗಳು ಕೂಡುವಲ್ಲಿ ಉಳಿದ ಎರಕದ ಗೆರೆಗಳನ್ನು ಉಜ್ಜಿ ತೆಗೆಯುವುದು, ಯಾಕೆಂದರೆ ಉಜ್ಜಿದ ರೆಸಿನ್ ಮತ್ತೆ ಬರುವುದಿಲ್ಲ. ಇನ್ನೊಂದು, ಈಗ ಇರುವ ಫೇಸ್‌ಅಪ್ ಒರೆಸುವುದು. ಅದನ್ನು ಬರೆದ ಕಲಾವಿದರ ಕೈ ಮತ್ತೆ ಸಿಗುವುದಿಲ್ಲ.

ಉದ್ದದ ಪಟ್ಟಿಯಲ್ಲಿ ಎರಡೇ. ಅವರಿಗೇ ನಗು ಬಂತು.

ಆಮೇಲೆ ಪ್ರತಿ ಕೆಲಸದ ಮುಂದೆ ಭಯಕ್ಕೆ ಒಂದು ಅಂಕ ಹಾಕಿಸಿದೆ. 0 ಅಂದರೆ ಏನೂ ಇಲ್ಲ, 100 ಅಂದರೆ ತಡೆಯಲಾಗದಷ್ಟು. ಮನೋವೈದ್ಯ ಜೋಸೆಫ್ ವೋಲ್ಪ್ 1969ರಲ್ಲಿ ಕೊಟ್ಟ ಅಳತೆ ಇದು, ನಮ್ಮ ಕೆಲಸದಲ್ಲಿ ದಿನವೂ ಬಳಕೆಯಲ್ಲಿದೆ. ಕಣ್ಣು ಬದಲಿಸಲು 10. ಬೆರಳು ಅಂಟಿಸಲು 50. ಕೈಗಳ ಎಲಾಸ್ಟಿಕ್ 60. ತಲೆಯಿಂದ ಕಾಲಿನವರೆಗಿನ ಎಲಾಸ್ಟಿಕ್ 85. ಫೇಸ್‌ಅಪ್ 95. ಕಡಿಮೆ ಅಂಕದಿಂದ ಶುರು ಮಾಡುವುದು, ಒಂದು ಮೆಟ್ಟಿಲಿನಲ್ಲಿ ಭಯ ಅರ್ಧಕ್ಕಾದರೂ ಇಳಿದ ಮೇಲೆ ಮುಂದಿನದು. ಕೆಲಸಕ್ಕೆ ಮುಂಚೆ "ಏನಾಗುತ್ತೆ ಅಂತ ಅನ್ನಿಸ್ತಿದೆ" ಎಂದು ಒಂದು ಸಾಲು, ಮುಗಿದ ಮೇಲೆ "ಏನಾಯ್ತು" ಎಂದು ಇನ್ನೊಂದು ಸಾಲು. ಇಷ್ಟೇ ಮನೆಗೆಲಸ.

ಕೈ ನಡುಕಕ್ಕೆ ಬೇರೆ ಸಲಹೆ ಕೊಟ್ಟೆ. ನಡುಗಬಾರದು ಎಂದು ಗಟ್ಟಿಯಾಗಿ ಹಿಡಿದರೆ ಇನ್ನೂ ನಡುಗುತ್ತದೆ. ಮೊಣಕೈ ಮೇಜಿನ ಮೇಲೆ ಊರಿ. ಕಿರುಬೆರಳನ್ನು ಗೊಂಬೆಯ ಕೆನ್ನೆಗೋ ಮೇಜಿಗೋ ತಾಗಿಸಿಕೊಳ್ಳಿ. ಉಸಿರನ್ನು ನಿಧಾನವಾಗಿ ಬಿಡುತ್ತಾ ಗೆರೆ ಎಳೆಯಿರಿ. ಕೂರುವ ಮುಂಚೆ ಕಾಫಿ ಬೇಡ. ಎದೆ ಹೊಡೆದುಕೊಂಡರೆ ಏಳಬೇಡಿ. ಕೈಯಲ್ಲಿರುವುದನ್ನು ಕೆಳಗಿಟ್ಟು ಅಲ್ಲೇ ಕೂತಿರಿ, ಅದು ತಾನಾಗಿ ಇಳಿಯುವುದನ್ನು ನೋಡಿ. ಭಯ ಮೇಲಿದ್ದಾಗಲೇ ಎದ್ದುಹೋದರೆ ಮುಂದಿನ ಸಲ ಕೂರುವುದು ಇನ್ನೂ ಕಷ್ಟ.

ಬೆರಳು ಸುಲಭವಾಗಿ ಅಂಟಿತು. ಮೊದಲು ಗೋಂದಿಲ್ಲದೆ ಕೂರಿಸಿ ನೋಡಿ, ಆಮೇಲೆ ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಗೋಂದು. ಹತ್ತಿರದಿಂದ ನೋಡಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. "ಕಾಣ್ತಿದೆ ಮೇಡಂ" ಎಂದು ಬೇಜಾರು ಮಾಡಿಕೊಂಡರು. ತೋಳಿನಷ್ಟು ದೂರ ಹಿಡಿದು ನೋಡಿ ಅಂದೆ. ಕಾಣಲಿಲ್ಲ. ಫೋಟೊಗಳಲ್ಲಿ ನೋಡುವ ಗೊಂಬೆಗಳಿಗೆ ಒಳ್ಳೆಯ ಬೆಳಕು, ಆರಿಸಿದ ಕೋನ ಇರುತ್ತದೆ. ಅದಕ್ಕೆ ಇದನ್ನು ಹೋಲಿಸಿದರೆ ಯಾವತ್ತೂ ಸೋಲೇ.

ಎಲಾಸ್ಟಿಕ್ ಕೆಲಸ ಅಷ್ಟು ಸಲೀಸಾಗಲಿಲ್ಲ. ಈ ಗೊಂಬೆಗೆ ಎರಡು ಸುತ್ತು ಎಲಾಸ್ಟಿಕ್: ಒಂದು ಎದೆಯೊಳಗಿಂದ ಎರಡೂ ಕೈಗೆ, ಇನ್ನೊಂದು ತಲೆಯ ಹುಕ್‌ನಿಂದ ಮುಂಡದೊಳಗೆ ಇಳಿದು ಎರಡೂ ಪಾದಕ್ಕೆ. ಕೈಗಳದ್ದು ಮೊದಲು ಮಾಡಿದರು. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿಕೊಂಡರು. ಎಲಾಸ್ಟಿಕ್ಕಿಗೆ ಒಂದು ಉದ್ದದ ರಿಬ್ಬನ್ ಸೇರಿಸಿ ಹೊರಕ್ಕೆ ಎಳೆದುಕೊಂಡರು. ಕೈ ಜಾರಿದರೂ ರಿಬ್ಬನ್ ತುದಿ ಹೊರಗೆ ಉಳಿಯುತ್ತದೆ. ಎಳೆದ ಎಲಾಸ್ಟಿಕ್ ಸುರುಳಿಯೊಳಗೆ ಅಡ್ಡಕ್ಕೆ ಒಂದು ಪೆನ್ಸಿಲ್ ತೂರಿಸಿದರೆ ಅದು ಒಳಗೆ ಹೋಗುವುದಿಲ್ಲ, ಎರಡೂ ಕೈ ಖಾಲಿಯಾಗುತ್ತದೆ. ಇವೆಲ್ಲ ಅವರಿಗೆ ವಿಡಿಯೊಗಳಿಂದ ಮೊದಲೇ ಗೊತ್ತಿತ್ತು. ಆದರೂ ಕಾಲಿನ ಸರದಿ ಬಂದಾಗ ಹುಕ್ ಜಾರಿತು. ಹಳೆಯ ಘಟನೆಯೇ ಮತ್ತೆ. ಗೊಂಬೆ ಟವೆಲ್ ಮೇಲೆ ಬಿತ್ತು, ಏನೂ ಮುರಿಯಲಿಲ್ಲ. ರಿಬ್ಬನ್ ಕತ್ತಿನಿಂದ ಹೊರಗೆ ಜೋತಾಡುತ್ತಿತ್ತು.

ಅವರ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: "ಮುಂಚೆ: ಜಾರುತ್ತೆ, ಮುರಿಯುತ್ತೆ. ಆಮೇಲೆ: ಜಾರಿತು, ಮುರಿಯಲಿಲ್ಲ, ಮತ್ತೆ ಎಳೆದೆ." ಸಲೀಸಾಗಿ ಮುಗಿದಿದ್ದರೆ ನನಗೆ ಇಷ್ಟು ಖುಷಿಯಾಗುತ್ತಿರಲಿಲ್ಲ. ಹೆದರಿದ್ದೇ ನಡೆದು, ಅದನ್ನು ದಾಟಿಬಂದಾಗ ಸಿಗುವ ಧೈರ್ಯವೇ ಬೇರೆ. 85 ಇದ್ದದ್ದು 30ಕ್ಕೆ ಇಳಿಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಭಯವನ್ನೂ ಇಳಿಸಬಾರದು. ರೆಸಿನ್ ಉಜ್ಜಿದಾಗ ಏಳುವ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಸ್ಪ್ರೇ ಸೀಲೆಂಟಿನ ಆವಿಯೂ ಹಾಗೆಯೇ. ಇದಕ್ಕೆ ಬಟ್ಟೆ ಮಾಸ್ಕ್ ಸಾಲದು. ಸಾವಯವ ಆವಿಯನ್ನೂ ಧೂಳನ್ನೂ ತಡೆಯುವ ಕಾರ್ಟ್ರಿಜ್ ಹಾಕಿದ ರೆಸ್ಪಿರೇಟರ್ ಬೇಕು. ಸ್ಪ್ರೇ ಮಾಡುವುದು ಗಾಳಿಯಾಡುವ ಜಾಗದಲ್ಲಿ, ಉಜ್ಜುವುದು ನೀರಿನಲ್ಲಿ ಒದ್ದೆ ಮಾಡಿಕೊಂಡು. "ಇದಕ್ಕೂ ಅಂಕ ಹಾಕಿ ಇಳಿಸಿಕೊಳ್ಳಲಾ?" ಎಂದು ಕೇಳಿದರು. ಬೇಡ, ಈ ಭಯ ಸರಿಯಾಗಿದೆ, ಅದು ಹೇಳಿದ ಹಾಗೆ ಕೇಳಿ ಅಂದೆ.

ಕೊನೆಗೆ ಫೇಸ್‌ಅಪ್. ಇರುವ ಮುಖ ಮುಟ್ಟುವುದು ಬೇಡ, ಬಣ್ಣ ಇಲ್ಲದ ಬೇರೊಂದು ತಲೆ ತನ್ನಿ ಎಂದು ಮೊದಲೇ ಹೇಳಿದ್ದೆ. ಈ ಕೆಲಸದ ಕ್ರಮ ಕೇಳಿದಾಗ ನನಗೇ ಆಶ್ಚರ್ಯವಾಯಿತು. ಮೊದಲು ಮ್ಯಾಟ್ ಸೀಲೆಂಟ್ ತೆಳ್ಳಗೆ ಸಿಂಪಡಿಸಿ ಒಣಗಿಸುತ್ತಾರೆ. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಮೇಲ್ಮೈ ಬೆಳ್ಳಗೆ ಮಂಕಾಗಬಹುದು, ಹಾಗಾಗಿ ಒಣ ದಿನ ನೋಡಿಕೊಳ್ಳಬೇಕು. ಅದರ ಮೇಲೆ ಪೇಸ್ಟಲ್ ಪುಡಿಯಿಂದ ಕೆನ್ನೆ, ತುಟಿಯ ಕೆಂಪು. ಮತ್ತೆ ಸೀಲೆಂಟ್. ಆಮೇಲೆ ಪೆನ್ಸಿಲ್ಲಿನಲ್ಲಿ ಹುಬ್ಬು. ಮತ್ತೆ ಸೀಲೆಂಟ್. ಪ್ರತಿ ಪದರವೂ ಕೆಳಗಿನದನ್ನು ಕಾಯುತ್ತದೆ. ಹುಬ್ಬು ಕೆಟ್ಟರೆ, ಅದರ ಮೇಲೆ ಸೀಲೆಂಟ್ ಹಾಕುವ ಮುಂಚೆ ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ಹುಬ್ಬು ಮಾತ್ರ ಹೋಗುತ್ತದೆ, ಕೆನ್ನೆ ಹಾಗೇ ಇರುತ್ತದೆ. ಅವರು 95 ಕೊಟ್ಟಿದ್ದ ಕೆಲಸ ಒಳ್ಳೆ ಮಗ್ಗಿ ಕಲಿಯುವ ಸ್ಲೇಟಿನ ಹಾಗೆ ಒರೆಸಿ ಬರೆಯುವಂಥದ್ದು!

ಎಡಗಡೆ ಹುಬ್ಬು ಬಲಗಡೆಗಿಂತ ಮೇಲೆ ಹೋಯಿತಂತೆ. ಒರೆಸಿದರು. ಎರಡನೆಯ ಸಲ ತೀರಾ ದಪ್ಪವಾಯಿತು. ಒರೆಸಿದರು. ಆಮೇಲೆ ಒಂದು ಉಪಾಯ ಮಾಡಿದರು: ಉದ್ದಕ್ಕೆ ಒಂದೇ ಗೆರೆ ಎಳೆಯುವ ಬದಲು ಬುಡದಿಂದ ಸಣ್ಣ ಸಣ್ಣ ಕೂದಲು, ಎಡಕ್ಕೆ ಒಂದು, ಬಲಕ್ಕೆ ಒಂದು. ಕನ್ನಡಿಯಲ್ಲಿ ಹಿಡಿದು ನೋಡುತ್ತಾ ಹೋದರು. ಓರೆ ಇದ್ದರೆ ಕನ್ನಡಿಯಲ್ಲಿ ಬೇಗ ಗೊತ್ತಾಗುತ್ತದೆ. ಫೋಟೊ ತೋರಿಸುವಾಗ ಎಡ ಹುಬ್ಬು ಇನ್ನೂ ಚೂರು ಎತ್ತರವೇ ಇತ್ತು. "ಏನೋ ಅನುಮಾನ ಪಡ್ತಿರೋ ಹಾಗಿದ್ದಾಳೆ, ಇರಲಿ ಬಿಡಿ" ಎಂದರು.

ಹಳೆಯ ತಲೆಯ ಫೇಸ್‌ಅಪ್ ಒರೆಸುವುದಿಲ್ಲ ಎಂದು ತೀರ್ಮಾನಿಸಿದ್ದಾರೆ. ಇದೂ ತಪ್ಪಿಸಿಕೊಳ್ಳುವುದೇ ಅಲ್ವಾ ಎಂದು ಅವರಿಗೇ ಸಂಶಯ. ಚೆನ್ನಾಗಿಯೇ ಬರುತ್ತದೆ ಎಂದು ಖಾತ್ರಿ ಇದ್ದಿದ್ದರೆ ಒರೆಸುತ್ತಿದ್ದಿರಾ ಎಂದು ಕೇಳಿದೆ. ಇಲ್ಲ, ಆ ಮುಖವೇ ಇಷ್ಟ ಅಂದರು. ಹಾಗಿದ್ದರೆ ಅದು ಭಯವಲ್ಲ, ಆಯ್ಕೆ.

ಕೊನೆಯ ಭೇಟಿಗೆ ಬಂದಾಗ ಹೊಸ ಪ್ರಶ್ನೆ ತಂದಿದ್ದರು. ಪರಿಚಯದವರೊಬ್ಬರು ತಮ್ಮ ಗೊಂಬೆಯನ್ನೂ ಸರಿಮಾಡಿಕೊಡಿ ಎಂದು ಕೇಳಿದ್ದಾರೆ, ಏನು ಹೇಳಲಿ? ಬೇರೆಯವರ ವಸ್ತು ಎಂದರೆ ಭಯದ ಲೆಕ್ಕ ಬದಲಾಗುತ್ತದೆ. ಎಲಾಸ್ಟಿಕ್ ಬದಲಿಸಲು ಹೂಂ ಅನ್ನಿ, ಬಣ್ಣದ ಕೆಲಸಕ್ಕೆ ಸದ್ಯಕ್ಕೆ ಬೇಡ ಅನ್ನಿ ಎಂದು ಹೇಳಿದೆ. ಕೈಗೆ ತೆಗೆದುಕೊಳ್ಳುವ ಮುಂಚೆ ಈಗಾಗಲೇ ಇರುವ ಗೀರು, ಹಳದಿ ಕಲೆಗಳನ್ನು ಇಬ್ಬರೂ ಕೂತು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಟವೆಲ್, ರಿಬ್ಬನ್ ಅದಕ್ಕೂ ಇರಲಿ.